ಒಂದು ಪರದೆಯೂ ನಿಲ್ಲಲಿಲ್ಲ

ಪರದೆಯ ಮೇಲೆ ಕೆಂಪು ಗುರುತು ಇರಲಿಲ್ಲ.

ನರ್ಸ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹುಡುಗಿಯ ಹೆಸರಿನ ಪಕ್ಕದಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಕೆಂಪು ಇರಬೇಕಿತ್ತು. ಮಧ್ಯಾಹ್ನ ಹಳೆ ಕಟ್ಟಡದಲ್ಲಿ ಅವಳೇ ಕೈಯಾರೆ ಹಾಕಿದ್ದಳು, ಸುದ್ದಿ ಕೇಳಿ ಈ ವಾರ್ಡಿಗೆ ಓಡಿ ಬಂದಿದ್ದಳು. ಈಗ ಆ ಜಾಗ ಬರೀ ಬಿಳಿ. ಅವಳ ಬೆನ್ನ ಹಿಂದೆ, ಕಿಟಕಿ ಪಕ್ಕದ ಮಂಚದಲ್ಲಿ, ಒಂಬತ್ತು ವರ್ಷದ ಹುಡುಗಿಯ ಮುಖದ ಮೇಲೆ ಡಾಕ್ಟರ್ ಬಟ್ಟೆ ಎಳೆದಿದ್ದರು.

"ನಾನು ಬರ್ದಿದ್ದೆ" ಎಂದಳು ನರ್ಸ್. "ಆ ಔಷಧಿ ಈ ಮಗೂಗೆ ಆಗಲ್ಲ ಅಂತ ಬರ್ದಿದ್ದೆ. ದೇವರಾಣೆಗೂ ಬರ್ದಿದ್ದೆ."

ಹುಡುಗಿಯ ತಾಯಿ ಎದ್ದು ಬಂದು ಅವಳ ಕೆನ್ನೆಗೆ ಹೊಡೆದಳು. ನರ್ಸ್ ಬೆಂಚಿನ ಮೇಲೆ ಕುಸಿಯಲು ಹೋದಳು. ತಾಯಿ ಅದಕ್ಕೂ ಬಿಡಲಿಲ್ಲ.

"ಈ ಬೆಂಚಲ್ಲಿ ಕೂರಬೇಡ ನೀನು. ನನ್ನ ಮಗಳು ಚಪ್ಪಲಿ ಬಿಟ್ಟ ಜಾಗ ಇದು."

ಬೆಂಚಿನ ಕೆಳಗೆ ಪುಟ್ಟ ಹಳದಿ ಚಪ್ಪಲಿಗಳಿದ್ದವು. ಒಂದು ನೆಟ್ಟಗೆ, ಇನ್ನೊಂದು ಬೋರಲು.

* * *

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮ ಬಂದಾಗ ಆಸ್ಪತ್ರೆ ಆಗಲೇ ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು. ಆಕೆಗೆ ಮಾತು ಕಮ್ಮಿ, ಕಿವಿ ಜಾಸ್ತಿ. ಜೊತೆಗಿದ್ದ ದಫೇದಾರನಿಗೆ ಮಾತು ಜಾಸ್ತಿ, ಕಿವಿ ಕಮ್ಮಿ. ಹೀಗಾಗಿ ಇಬ್ಬರ ಲೆಕ್ಕ ಸರಿಹೋಗುತ್ತಿತ್ತು.

"ಕೇಸು ಸರಳ" ಎಂದರು ಸೂಪರಿಂಟೆಂಡೆಂಟ್. ಇಸ್ತ್ರಿ ಮುರಿಯದ ಬಿಳಿ ಕೋಟು, ಮೇಜಿನ ಮೇಲೆ ಒಂದು ಧೂಳಿನ ಕಣವಿಲ್ಲ. "ತಾಯಿ ನರ್ಸಿಗೆ ಬಾಯಿಬಿಟ್ಟು ಹೇಳಿದ್ದಾರೆ. ನರ್ಸ್ ಬರೆಯೋಕೆ ಮರ್ತಿದ್ದಾಳೆ. ಡಾಕ್ಟರ್ ಪರದೆ ನೋಡಿ ಇಂಜೆಕ್ಷನ್ ಕೊಟ್ಟಿದ್ದಾರೆ. ಮರ್ತವಳು ಈಗ ಬರ್ದಿದ್ದೆ ಅಂತಾಳೆ."

"ನರ್ಸ್ ಎಲ್ಲಿ?"

"ನಿನ್ನೆ ಸಾಯಂಕಾಲದಿಂದ ಪಕ್ಕದ ರೂಮಲ್ಲಿ ಕೂರಿಸಿದ್ದೀವಿ. ಕೆಲಸದಿಂದ ತೆಗೆದಾಯ್ತು. ಇನ್ನು ನೀವುಂಟು, ಅವಳುಂಟು."

ಪಕ್ಕದ ಕೋಣೆಯಲ್ಲಿ ನರ್ಸ್ ನಿಂತೇ ಇದ್ದಳು. ಕುರ್ಚಿ ಇತ್ತು, ಕೂತಿರಲಿಲ್ಲ. ಕೆನ್ನೆಯ ಮೇಲೆ ಬೆರಳ ಗುರುತು ಇನ್ನೂ ಇತ್ತು.

"ಜೈಲಿಗೆ ಹೋಗ್ತೀನಿ ಮೇಡಂ, ಅದಕ್ಕಲ್ಲ. ಆ ತಾಯಿ ಸಾಯೋವರೆಗೂ ನನ್ನನ್ನ ಮಗು ಕೊಂದವಳು ಅಂತಾಳಲ್ಲ! ಗುರುತು ಹಾಕ್ದಾಗ ಪರದೆ ಟಿಣ್ ಅಂತು. ಆ ಶಬ್ದ ನನ್ನ ಕಿವೀಲಿದೆ. ಆದ್ರೆ ಈಗ ನನಗೇ ಅನುಮಾನ ಬರ್ತಿದೆ, ಬರೆದ್ನೋ ಇಲ್ವೋ ಅಂತ."

ಸುಳ್ಳು ಹೇಳುವವರಿಗೆ ತಮ್ಮ ಮೇಲೇ ಅನುಮಾನ ಬರುವುದು ಕಮ್ಮಿ. ಇನ್ಸ್‌ಪೆಕ್ಟರಮ್ಮ ಆ ಮಾತನ್ನು ಮನಸ್ಸಿನ ಒಂದು ಮೂಲೆಯಲ್ಲಿಟ್ಟುಕೊಂಡಳು.

* * *

ತಾಯಿಯ ಮನೆ ಎರಡು ಕೋಣೆಯದು. ಮರಣೋತ್ತರ ಪರೀಕ್ಷೆ ಮುಗಿದು ದೇಹ ಬರಬೇಕಿತ್ತು. ಅಲ್ಲಿಯವರೆಗೆ ಆ ತಾಯಿಗೆ ಮಾಡಲು ಕೆಲಸವೇ ಇರಲಿಲ್ಲ. ಒಗೆದ ಬಟ್ಟೆಗಳನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು. ಎಲ್ಲ ಮಗಳ ಬಟ್ಟೆಗಳು.

"ಕಾಲಿಗೆ ಮುಳ್ಳು ಚುಚ್ಚಿತ್ತು. ಕೀವಾಗಿ ಜ್ವರ ಬಂತು. ನಮ್ಮೆಜಮಾನ್ರು ಅದೇ ಆಸ್ಪತ್ರೇಲಿ ಕಂಪ್ಯೂಟರ್ ನೋಡ್ಕೊಳ್ಳೋದು. ಅವರೇ ಬೆಳಿಗ್ಗೆ ಕರ್ಕೊಂಡು ಹೋಗಿ ಹಳೆ ಕಟ್ಟಡದಲ್ಲಿ ಸೇರಿಸಿದ್ರು. ನಾನು ಆಮೇಲೆ ಹೋದೆ. ಎರಡು ವರ್ಷದವಳಿದ್ದಾಗ ಆ ಇಂಜೆಕ್ಷನ್ ಕೊಟ್ಟು ಗಂಟಲು ಊದಿತ್ತು. ಇವರು ಆಗ ಊರಲ್ಲಿರಲಿಲ್ಲ, ನೆನಪಿಲ್ಲ. ನನಗೆ ನೆನಪಿತ್ತು. ಆ ನರ್ಸಿಗೆ ಬಿಡಿಸಿ ಬಿಡಿಸಿ ಹೇಳ್ದೆ. ಬರ್ಕೋತೀನಿ ಅಕ್ಕ ಅಂದ್ಲು."

"ಆಮೇಲೆ?"

"ಗಾಲಿ ಕುರ್ಚೀಲಿ ಹೊಸ ಕಟ್ಟಡಕ್ಕೆ, ಮಕ್ಕಳ ವಾರ್ಡಿಗೆ ಕರ್ಕೊಂಡು ಹೋದ್ರು. ನಾನು ಬಟ್ಟೆ ತರೋಕೆ ಮನೆಗೆ ಬಂದೆ. ಅಪ್ಪ ಪಕ್ಕದಲ್ಲಿದ್ದಾರಲ್ಲ ಅಂತ ಬಂದೆ. ಅವರಿಗೆ ಫೋನ್ ಬಂತಂತೆ, ಯಂತ್ರದ ಕೋಣೆಗೆ ಹೋದ್ರಂತೆ. ನಾನು ವಾಪಸ್ ಹೋಗೋಷ್ಟರಲ್ಲಿ..."

ಅವಳು ಒಂದು ಫ್ರಾಕನ್ನು ಬಿಡಿಸಿ ಮತ್ತೆ ಮಡಚಿದಳು. ಇನ್ಸ್‌ಪೆಕ್ಟರಮ್ಮ ಕಪಾಟಿನ ಕಡೆ ನೋಡಿದಳು. ಆಸ್ಪತ್ರೆಯಿಂದ ಬಂದ ಸಾಮಾನು ಅಲ್ಲಿತ್ತು. ಹಳದಿ ಚಪ್ಪಲಿ, ನೀರಿನ ಬಾಟಲಿ, ಏನನ್ನೋ ಒಳಗಿಟ್ಟು ಸುತ್ತಿದ ಉಣ್ಣೆಯ ಟೋಪಿ.

"ಅವಳ ಅಪ್ಪ ತಂದಿಟ್ಟಿದ್ದು" ಎಂದಳು ತಾಯಿ. "ಟೋಪಿ ಮಾತ್ರ ಮುಟ್ಬೇಡ ಅಂದಿದ್ದಾರೆ. ಮಗಳು ಅಂದ್ರೆ ಪ್ರಾಣ ಅವರಿಗೆ."

* * *

"ಡಾಕ್ಟರೇ ಅಳಿಸಿರಬೇಕು ಮೇಡಂ" ಎಂದ ದಫೇದಾರ ದಾರಿಯಲ್ಲಿ. "ಗುರುತು ನೋಡ್ದೆ ಚುಚ್ಚಿದ, ಆಮೇಲೆ ಎದೆ ಝಲ್ ಅಂತು, ಅಳಿಸಿದ. ಬಡವಿ ಮೇಲೆ ಗೂಬೆ ಕೂರಿಸಿದ."

ಅನುಮಾನ ತಪ್ಪೇನಲ್ಲ. ಆದರೆ ಡಾಕ್ಟರ್ ತಾವೇ ಪರದೆ ತಿರುಗಿಸಿ ತೋರಿಸಿದರು. ಕಣ್ಣು ಕೆಂಪಗಿತ್ತು. ರಾತ್ರಿ ನಿದ್ದೆ ಮಾಡಿದ ಮನುಷ್ಯನಲ್ಲ.

"ಇಲ್ಲಿ ಯಾರು ಏನು ಬರೆದ್ರೂ ಅವರ ಹೆಸರು ಉಳಿಯುತ್ತೆ. ಅಳಿಸಿದ್ರೂ ಅಳಿಸಿದವರ ಹೆಸರು ಉಳಿಯುತ್ತೆ. ನೋಡಿ. ಬರೆದದ್ದೂ ಇಲ್ಲ, ಅಳಿಸಿದ್ದೂ ಇಲ್ಲ."

"ಮಗೂನ ಕೇಳಲಿಲ್ವಾ?"

"ಜ್ವರದಲ್ಲಿ ಮಲಗಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಂಪು ಇದ್ದಿದ್ರೆ ಈ ವಾರ್ಡಲ್ಲೇ ಕೈಗೊಂದು ಕೆಂಪು ಪಟ್ಟಿ ಕಟ್ತಿದ್ವಿ. ಇರಲಿಲ್ಲ. ಪರದೆ ನಿಂತುಹೋಗಿದ್ರೆ ಹಳೆ ಕಟ್ಟಡಕ್ಕೆ ಫೋನ್ ಮಾಡಿ ಕೇಳ್ತಿದ್ದೆ. ಪರದೆ ಚೆನ್ನಾಗೇ ಓಡ್ತಿತ್ತು. ನಂಬಿದೆ."

ಡಾಕ್ಟರ್ ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ದಫೇದಾರ ತನ್ನ ಗೂಬೆಯನ್ನು ಸದ್ದಿಲ್ಲದೆ ವಾಪಸ್ ತೆಗೆದುಕೊಂಡ.

* * *

ಹುಡುಗಿಯ ತಂದೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಕನ್ನಡಿಯಣ್ಣ ಎಂದು. ಹೊಸಬರು ಯಾರೇ ಸಿಗಲಿ, ತನ್ನ ಯಂತ್ರಗಳ ಕನ್ನಡಿ ಕಥೆ ಹೇಳದೆ ಬಿಡುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಅವನು ಹಳೆಯ ಕಟ್ಟಡದ ಯಂತ್ರದ ಕೋಣೆಯಲ್ಲಿದ್ದ. ದೇಹ ಕೊಡುವವರೆಗೆ ಇಲ್ಲೇ ಇರುತ್ತೇನೆ ಎಂದಿದ್ದನಂತೆ. ಚಳಿ ಹುಟ್ಟಿಸುವ ಗಾಳಿ, ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಆಳೆತ್ತರದ ಕಪಾಟಿನ ತುಂಬ ಡಿಸ್ಕುಗಳು, ಎಲ್ಲದರ ಮೂತಿಯಲ್ಲೂ ಹಸಿರು ದೀಪ.

"ನಿಮ್ಮನ್ನ ಈಗ ಮಾತಾಡಿಸಬಾರದು" ಎಂದಳು ಇನ್ಸ್‌ಪೆಕ್ಟರಮ್ಮ.

"ಕೇಳಿ ಮೇಡಂ. ಸುಮ್ನಿದ್ರೆ ಇನ್ನೂ ಕಷ್ಟ."

"ನರ್ಸ್ ಬರೆದದ್ದು ಎಲ್ಲಿ ಹೋಗುತ್ತೆ?"

ಅವನ ಮುಖದಲ್ಲಿ ಏನೋ ಸ್ವಲ್ಪ ಹಗುರಾಯಿತು. ಕಸುಬಿನ ಮಾತು ಬಂದರೆ ಕಸುಬುದಾರನಿಗೆ ದುಃಖವೂ ಒಂದು ಗಳಿಗೆ ದಾರಿ ಬಿಡುತ್ತದೆ.

"ಇಲ್ಲಿ ಬರೆದ್ರೆ ಈ ಕೋಣೇಲಿ ಕೂರುತ್ತೆ. ಅದೇ ಕ್ಷಣಕ್ಕೆ ಹೊಸ ಕಟ್ಟಡದ ಕೋಣೇಲೂ ಕೂರುತ್ತೆ. ಇದರ ಮುಖ ಅಲ್ಲಿ, ಅದರ ಮುಖ ಇಲ್ಲಿ. ಒಂದು ಸುಟ್ಟುಹೋದ್ರೂ ಇನ್ನೊಂದಿರುತ್ತೆ. ಕೋಣೆ ಒಳಗೂ ಅಷ್ಟೇ. ಪ್ರತಿ ಡಿಸ್ಕಿಗೂ ಪಕ್ಕದಲ್ಲೇ ಒಂದು ಅವಳಿ."

"ಎರಡು ಕೋಣೆ ನಡುವಿನ ತಂತಿ ಕಡಿದ್ರೆ?"

"ಆಗಲೇ ಅಪಾಯ. ಎರಡೂ ಬದುಕಿರುತ್ತೆ, ಎರಡೂ ಇನ್ನೊಂದು ಸತ್ತಿದೆ ಅಂದ್ಕೊಳ್ಳುತ್ತೆ. ಅದಕ್ಕೇ ಮೂರನೇದೊಂದು ಚಿಕ್ಕ ಯಂತ್ರ ಇದೆ, ಲಾಂಡ್ರಿ ಕೋಣೇಲಿ. ಸಾಕ್ಷಿ ಅಂತೀವಿ. ನೀನು ಮಾತಾಡು, ನೀನು ಬಾಯಿ ಮುಚ್ಚು ಅಂತ ಅದು ತೀರ್ಮಾನ ಮಾಡುತ್ತೆ. ಒಂದು ಕಡೆ ಪರದೆ ನಿಲ್ಲುತ್ತೆ. ತಂತಿ ಸರಿಹೋದ ಮೇಲೆ ಬಾಯಿ ಮುಚ್ಚಿದ್ದು, ಮಾತಾಡ್ತಿದ್ದುದರ ನಕಲು ಮಾಡ್ಕೊಳ್ಳುತ್ತೆ."

"ಎರಡೂ ಮಾತಾಡ್ತಾ ಇದ್ರೆ?"

ಅವನು ಹಸಿರು ದೀಪಗಳನ್ನೇ ನೋಡಿದ.

"ಹಾಗಾಗಬಾರದು ಮೇಡಂ."

ಆಕೆ ಎದ್ದಳು. ಡಿಸ್ಕುಗಳ ಮೂತಿಯ ಮೇಲೆಲ್ಲ ತೆಳು ಧೂಳು ಕೂತಿತ್ತು. ಒಂದರ ಮೇಲೆ ಮಾತ್ರ ಇರಲಿಲ್ಲ, ಹೊಳೆಯುತ್ತಿತ್ತು. ಆಕೆಗೆ ಅದರ ಅರ್ಥ ಆಗ ಆಗಲಿಲ್ಲ.

* * *

ಕೆಳಗಡೆ ಕೌಂಟರಿನಲ್ಲಿ ದೊಡ್ಡ ಗಲಾಟೆ. ಒಬ್ಬ ಅಜ್ಜಿ, ತೋಳಲ್ಲಿ ಬಟ್ಟೆ ಸುತ್ತಿದ ಹಸುಗೂಸು, ಎದುರಿಗೆ ಬೆವರುತ್ತಿದ್ದ ಗುಮಾಸ್ತ.

"ಅಜ್ಜಿ, ಕಂಪ್ಯೂಟರಲ್ಲಿ ಈ ಮಗು ಹುಟ್ಟೇ ಇಲ್ಲ. ಇನ್ನೂ ನಿಮ್ಮ ಸೊಸೆ ಹೊಟ್ಟೇಲೇ ಇದೆ."

"ಹಾಗಾದ್ರೆ ಈಗ ನನ್ನ ಸೀರೆ ಒದ್ದೆ ಮಾಡಿದ್ದು ಯಾರೋ, ನಿಮ್ಮಪ್ಪನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ದಫೇದಾರನೂ ನಕ್ಕ. ಇನ್ಸ್‌ಪೆಕ್ಟರಮ್ಮ ಮಾತ್ರ ನಗಲಿಲ್ಲ.

"ಅಜ್ಜಿ, ಎಲ್ಲಿ ಹುಟ್ಟಿದ್ದು ಇವನು? ಯಾವಾಗ?"

"ಇದೇ ಹಳೆ ಕಟ್ಟಡದಲ್ಲಿ, ನಿನ್ನೆ ಮಧ್ಯಾಹ್ನ. ತೂಕ ಹಾಕಿ ನನ್ನ ಕಣ್ಣೆದುರಿಗೇ ಒತ್ತಿದ್ರು, ಟಿಣ್ ಅಂತು. ಈಗ ನೋಡಿದ್ರೆ ತೂಕವೂ ಇಲ್ಲ, ಮೊಮ್ಮಗನೂ ಇಲ್ಲ!"

ಟಿಣ್. ಇನ್ಸ್‌ಪೆಕ್ಟರಮ್ಮ ಗುಮಾಸ್ತನ ಕಡೆ ತಿರುಗಿದಳು. ಹಳೆಯ ಕಟ್ಟಡದಲ್ಲಿ ನಿನ್ನೆ ಮಧ್ಯಾಹ್ನ ಬರೆದದ್ದು ಬೇರೆ ಏನಾದರೂ ಕಾಣೆಯಾಗಿದೆಯೇ? ಗುಮಾಸ್ತ ತಲೆ ಕೆರೆದುಕೊಂಡ. ಬೆಳಿಗ್ಗೆಯಿಂದ ಅದೇ ರಗಳೆ. ಎಕ್ಸ್‌ರೇ ಇಲ್ಲ ಅಂತ ಒಬ್ಬರು, ರಕ್ತ ಪರೀಕ್ಷೆ ಇಲ್ಲ ಅಂತ ಇನ್ನೊಬ್ಬರು. ಹೊಸ ಕಟ್ಟಡದವರದ್ದು ಎಲ್ಲ ಸರಿಯಾಗಿದೆ.

ಹಾಗಾದರೆ ನರ್ಸ್ ಮರೆತಿರಲಿಲ್ಲ. ಮರೆತದ್ದು ಒಂದು ಇಡೀ ಕಟ್ಟಡ.

* * *

ಎರಡು ಕಟ್ಟಡಗಳ ನಡುವಿನ ಅಂಗಳದಲ್ಲಿ ಹೊಸದಾಗಿ ಮಣ್ಣು ಮುಚ್ಚಿದ ಗುಂಡಿ. ಸೂಪರಿಂಟೆಂಡೆಂಟ್ ಹೆಮ್ಮೆಯಿಂದಲೇ ತೋರಿಸಿದರು.

"ನಿನ್ನೆ ಮಧ್ಯಾಹ್ನ ಪೈಪಿನವರು ಅಗೆಯೋವಾಗ ಕೇಬಲ್ ಕಡಿದುಬಿಟ್ರು. ಜೋಡಿಸೋಷ್ಟರಲ್ಲಿ ಕತ್ತಲಾಯ್ತು. ಆದ್ರೂ ಒಂದು ಪರದೆಯೂ ನಿಲ್ಲಲಿಲ್ಲ! ನಮ್ಮ ಕನ್ನಡಿಯಣ್ಣನ ಕೈಚಳಕ. ಹಿಂದೆ ಒಂದು ಸಲ ಹೀಗೇ ಆದಾಗ ಹೊಸ ಕಟ್ಟಡ ಪೂರ್ತಿ ನಿಂತು ನನ್ನ ಮಾನ ಹೋಗಿತ್ತು. ಇನ್ನೊಂದು ಸಲ ನಿಂತ್ರೆ ನಿನ್ನನ್ನ ನಿಲ್ಲಿಸ್ತೀನಿ ಅಂತ ಎಲ್ಲರ ಎದುರಿಗೆ ಉಗಿದಿದ್ದೆ. ಬುದ್ಧಿ ಕಲ್ತ."

"ಕೇಬಲ್ ಜೋಡಿಸಿದ ಮೇಲೆ ಯಂತ್ರದ ಕೋಣೆಗೆ ಯಾರು ಹೋದ್ರು?"

"ಅವನೇ. ಆಗ ಮಗಳು ತೀರಿಕೊಂಡಿದ್ಲು, ಪಾಪ. ಒಬ್ಬನೇ ಅಳೋಕೆ ಹೋಗ್ತಿದ್ದಾನೆ ಅಂತ ಯಾರೂ ತಡೀಲಿಲ್ಲ."

ಇನ್ಸ್‌ಪೆಕ್ಟರಮ್ಮ ನೇರ ಲಾಂಡ್ರಿ ಕೋಣೆಗೆ ನಡೆದಳು. ಒದ್ದೆ ಹಾಸಿಗೆ ಬಟ್ಟೆಗಳ ರಾಶಿಯ ಹಿಂದೆ, ಗೋಡೆಯ ಗೂಡಿನಲ್ಲಿ ಚಿಕ್ಕ ಕರಿ ಯಂತ್ರ. ದೀಪ ಆರಿತ್ತು. ತಂತಿಯನ್ನು ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ದಾರದಿಂದ ಕಟ್ಟಿ ಇಡಲಾಗಿತ್ತು. ದಾರದ ಮೇಲೂ ಧೂಳು. ಬಹಳ ದಿನದ ಹಿಂದಿನ ಕೆಲಸ.

"ಸಾಕ್ಷಿ ಬಾಯಿ ಕಟ್ಟಿಬಿಟ್ಟಿದ್ದಾರೆ" ಎಂದ ದಫೇದಾರ. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಮೇಡಂ."

"ಹೊಲ ಮೇಯ್ಲಿಲ್ಲ" ಎಂದಳು ಆಕೆ. "ತನ್ನ ಮಗಳನ್ನೇ ಕಳ್ಕೊಂಡ."

ನರ್ಸನ್ನು ಬಿಡಿಸಬೇಕಾದರೆ ಬಾಯಿಮಾತಿನ ತರ್ಕ ಸಾಲದು. ಅವಳು ಬರೆದದ್ದೇ ಬೇಕು. ಆ ಬರಹ ಎರಡು ಕೋಣೆಯಲ್ಲೂ ಅಳಿಸಿಹೋಗಿದೆ. ಆಕೆ ಗೂಡಿನ ಎದುರು ನಿಂತೇ ಯೋಚಿಸಿದಳು. ಧೂಳಿಲ್ಲದ ಒಂದು ಡಿಸ್ಕು. ಪ್ರತಿ ಡಿಸ್ಕಿಗೂ ಒಂದು ಅವಳಿ. ಮುಟ್ಟಬೇಡ ಎಂದ ಉಣ್ಣೆಯ ಟೋಪಿ.

"ಗಾಡಿ ತೆಗಿ" ಎಂದಳು.

* * *

ದೇಹ ಇನ್ನೂ ಬಂದಿರಲಿಲ್ಲ. ಅದಕ್ಕೆ ಅಣಿ ಮಾಡಲು ಕನ್ನಡಿಯಣ್ಣ ಮನೆಗೆ ಬಂದು ಚಾಪೆಯ ಮೇಲೆ ಕೂತಿದ್ದ. ತಾಯಿ ಬಾಗಿಲಿಗೆ ಒರಗಿದ್ದಳು. ಇನ್ಸ್‌ಪೆಕ್ಟರಮ್ಮ ಕಪಾಟಿನಿಂದ ಟೋಪಿಯನ್ನು ಎರಡೂ ಕೈಯಿಂದ ಎತ್ತಿ ಅವನ ಮುಂದಿಟ್ಟಳು. ಬಿಚ್ಚಲಿಲ್ಲ.

"ನೀವೇ ಬಿಚ್ತೀರಾ?"

ಅವನು ಬಿಚ್ಚಿದ. ಬೂದು ಬಣ್ಣದ ಡಿಸ್ಕು. ಮೂತಿಯ ಮೇಲೆ ತೆಳು ಧೂಳು.

"ಇದೇನ್ರೀ?" ಎಂದಳು ಹೆಂಡತಿ.

ಇನ್ಸ್‌ಪೆಕ್ಟರಮ್ಮನೇ ಹೇಳಿದಳು. ಇಂಥ ಮಾತನ್ನು ನಿಂತು ಹೇಳಬಾರದೆಂದು ನೆಲದ ಮೇಲೆ ಕೂತಳು.

"ಬೆಳಿಗ್ಗೆ ನೀವು ಮಗೂನ ಸೇರಿಸಿದಾಗ ತಂತಿ ಸರಿ ಇತ್ತು. ಅವಳ ಹೆಸರು ಎರಡು ಕಡೆನೂ ಕೂತಿತು. ಮಧ್ಯಾಹ್ನ ತಂತಿ ಕಡೀತು. ಸಾಕ್ಷಿ ಬದುಕಿದ್ದಿದ್ರೆ ಒಂದು ಕಡೆ ನಿಲ್ತಿತ್ತು. ನಿಮ್ಮ ಸಾಹೇಬ್ರು ಬೈದ್ರು ಅಂತ ನೀವು ಸಾಕ್ಷೀನ ಕಿತ್ತಿಟ್ಟಿದ್ರಿ. ಎರಡೂ ಕಡೆ ಓಡ್ತು. ನರ್ಸ್ ಇಲ್ಲಿ ಕೆಂಪು ಗುರುತು ಹಾಕಿದ್ಲು. ಅದು ಆಚೆ ಹೋಗಲೇ ಇಲ್ಲ. ಡಾಕ್ಟರ್ ಅಲ್ಲಿ ಬಿಳಿ ಪರದೆ ನೋಡಿದ್ರು. ಅದೇ ಹೊತ್ತಿಗೆ ನಿಮಗೆ ಫೋನ್ ಬಂತು, ತಂತಿ ನೋಡೋಕೆ ಹೋದ್ರಿ."

ಹೆಂಡತಿ ಕೈಯಲ್ಲಿದ್ದ ಫ್ರಾಕನ್ನು ಕೆಳಗಿಟ್ಟಳು.

"ಅಲ್ಲೀವರೆಗೂ ತಪ್ಪು ಮಾತ್ರ" ಎಂದಳು ಇನ್ಸ್‌ಪೆಕ್ಟರಮ್ಮ. "ಅಪರಾಧ ಆಮೇಲಿನದು. ತಂತಿ ಜೋಡಿಸಿದ ಮೇಲೆ ಯಾವ ಕಡೆಯದು ನಿಜ ಅಂತ ಮನುಷ್ಯನೇ ಆರಿಸ್ಬೇಕು. ಅಲ್ವಾ?"

"ಹೌದು." ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. "ಹಳೆ ಕಡೆ ತೆರೆದು ನೋಡ್ದೆ. ಕೆಂಪು ಗುರುತಿತ್ತು. ಆಗ ಗೊತ್ತಾಯ್ತು. ಹೊಸ ಕಡೆಯದೇ ನಿಜ ಅಂತ ಒತ್ತಿದೆ. ಹಳೆ ಕಡೆಯದು ಅದರ ನಕಲಾಯ್ತು, ಗುರುತು ಹೋಯ್ತು."

"ಕೆಲಸ ಹೋಗುತ್ತೆ ಅಂತಾನಾ?"

"ಕೆಲಸ ಸುಡ್ಲಿ!" ಮೊದಲ ಸಲ ಅವನ ದನಿ ಏರಿತು. ಹೆಂಡತಿಯ ಕಡೆ ಬೆರಳು ಮಾಡಿದ, ಮುಖ ಎತ್ತಲಿಲ್ಲ. "ಇವಳಿಗೆ ಗೊತ್ತಾಗಬಾರದು ಅಂತ. ಹೇಳೋದನ್ನ ಇವಳು ಹೇಳಿದ್ಲು, ಬರೆಯೋದನ್ನ ಅವರು ಬರೆದ್ರು. ತಲುಪಿಸೋದು ನನ್ನ ಕೆಲಸ. ನಾನೇ ನಮ್ಮ ಮಗೂನ... ಅದು ಇವಳಿಗೆ ಗೊತ್ತಾದ ಮೇಲೆ ಈ ಮನೇಲಿ ಯಾವ ಮುಖ ಇಟ್ಕೊಂಡು ಕೂರಲಿ?"

"ಡಿಸ್ಕು ಯಾಕೆ ಉಳಿಸಿದ್ರಿ? ಒಡೆದು ಹಾಕಿದ್ರೆ ನಾನು ಬರ್ತಾನೇ ಇರಲಿಲ್ಲ."

ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡ.

"ಹಳೆ ಕಟ್ಟಡದಲ್ಲಿ ಅವಳ ಎದೆಗೆ ತಂತಿ ಹಚ್ಚಿದ್ರು ಮೇಡಂ. ಆ ಮಧ್ಯಾಹ್ನ ಅವಳ ಹೃದಯ ಬಡಿದದ್ದೆಲ್ಲ ಆ ಕಡೆ ಕೂತಿತ್ತು. ಬೇರೆ ಎಲ್ಲೂ ಇಲ್ಲ. ಒತ್ತಿದ್ರೆ ಅದೂ ಹೋಗುತ್ತೆ. ಅವಳಿಯಲ್ಲಿ ಒಂದನ್ನ ಮೊದಲೇ ಎಳ್ಕೊಂಡೆ, ಆ ಜಾಗಕ್ಕೆ ಹೊಸದೊಂದನ್ನ ಹಾಕ್ದೆ. ಕೈ ಬರಲಿಲ್ಲ ಮೇಡಂ, ಕೈ ಬರಲಿಲ್ಲ."

ಗಾದೆಗಳ ಮೂಟೆಯಂತಿದ್ದ ದಫೇದಾರ ಹೊಸ್ತಿಲು ದಾಟಿ ಹೊರಗೆ ನಿಂತ.

ಹೆಂಡತಿ ಹತ್ತಿರ ಬಂದು ಗಂಡನ ಎದುರು ಕೂತಳು. ಅವನು ಹೊಡೆತಕ್ಕೆ ತಲೆ ಬಗ್ಗಿಸಿದ. ಅವಳು ಹೊಡೆಯಲಿಲ್ಲ.

"ನಾನು ಆ ನರ್ಸ್ ಹುಡುಗೀಗೆ ಹೊಡೆದೆ" ಎಂದಳು. "ನೀವು ಅಲ್ಲೇ ನಿಂತಿದ್ರಿ."

"ಆಗ ನನಗೂ ಗೊತ್ತಿರಲಿಲ್ಲ ಕಣೇ."

"ಆಮೇಲೆ ಗೊತ್ತಾಯ್ತಲ್ಲ."

ಮಗಳನ್ನು ಮಣ್ಣು ಮಾಡುವವರೆಗೆ ಇನ್ಸ್‌ಪೆಕ್ಟರಮ್ಮ ರಸ್ತೆಯ ಆಚೆ ಕಾದಳು. ಆಮೇಲೆ ಅವನೇ ನಡೆದು ಬಂದು ಗಾಡಿ ಹತ್ತಿದ. ಬೇಡಿ ತೊಡಿಸುವ ಕೆಲಸ ದಫೇದಾರನಿಗೆ ಬೀಳಲಿಲ್ಲ.

* * *

ಹೊರಗಿನಿಂದ ಬಂದ ತಂತ್ರಜ್ಞರು ಆ ಡಿಸ್ಕನ್ನು ಓದಿಸಿದರು. ಅಜ್ಜಿಯ ಮೊಮ್ಮಗ ಎರಡನೇ ಸಲ ಹುಟ್ಟಿದ, ಅದೇ ತೂಕದಲ್ಲಿ. ಲಾಂಡ್ರಿ ಕೋಣೆಯ ಚಿಕ್ಕ ಯಂತ್ರಕ್ಕೆ ಮತ್ತೆ ದೀಪ ಹತ್ತಿತು. ಒಂದು ಪರದೆಯೂ ನಿಲ್ಲಬಾರದು ಎಂದಿದ್ದ ಸೂಪರಿಂಟೆಂಡೆಂಟರ ಹೇಳಿಕೆಯನ್ನು ಇನ್ಸ್‌ಪೆಕ್ಟರಮ್ಮ ಅಕ್ಷರ ಬಿಡದೆ ಬರೆಸಿಕೊಂಡಳು. ಅವರ ಕೋಟಿನ ಇಸ್ತ್ರಿ ಅಂದು ಮುರಿದಿತ್ತು.

ತಾನೂ ನೋಡಬೇಕು ಎಂದು ತಾಯಿ ಬಂದಿದ್ದಳು. ಮಕ್ಕಳ ವಾರ್ಡಿನ ಅದೇ ಪರದೆಯ ಮೇಲೆ ಡಾಕ್ಟರ್ ಹುಡುಗಿಯ ದಾಖಲೆ ತೆರೆದರು. ಹೆಸರಿನ ಪಕ್ಕ ಬೆಂಕಿಕಡ್ಡಿಯ ತಲೆಯಷ್ಟು ಕೆಂಪು. ಅದರ ಕೆಳಗೆ ಔಷಧಿಯ ಹೆಸರು, ತಾಯಿ ಹೇಳಿದ ಮಾತು. ಇನ್ನೂ ಕೆಳಗೆ ನರ್ಸ್ ಸೇರಿಸಿದ ಒಂದು ಸಾಲಿತ್ತು. ತಾಯಿಗೆ ಕಣ್ಣು ಮಂಜಾಗಿತ್ತು. ಇನ್ಸ್‌ಪೆಕ್ಟರಮ್ಮ ಓದಿ ಹೇಳಿದಳು.

"ಮಗು ಅಳುತ್ತಿಲ್ಲ. ಅಪ್ಪ ಇಲ್ಲೇ ಇದ್ದಾರೆ, ನನಗೆ ಹೆದರಿಕೆ ಇಲ್ಲ ಎನ್ನುತ್ತಾಳೆ."

ತಾಯಿ ಬೆಂಚಿನ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಕೆನ್ನೆಯ ಗುರುತು ಮಾಸಿತ್ತು.

ತಾಯಿ ಅವಳನ್ನು ನೋಡಿದಳು. ಬೆಂಚಿನ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

ನರ್ಸ್ ಬಂದು ಕೂತಳು.